ಇವತ್ತು ಬೋಲ್ಡೋ ಇಲ್ಲ

ಐದೂವರೆಗೆ ನನ್ನ ಒರಳು ಮಾತು ಶುರುಮಾಡುತ್ತದೆ.
ಅಸುನ್ಸಿಯೋನಿನ ನಾಲ್ಕನೇ ನಂಬರಿನ ಮಾರುಕಟ್ಟೆಗೆ
ಅದೇ ಕೋಳಿ, ಅದೇ ಗಡಿಯಾರ.
ಮರದ ಒರಳು, ನನ್ನ ಅತ್ತೆಯದು.
ಕುಟ್ಟಿ ಕುಟ್ಟಿ ಒಳಗೆ ಎಷ್ಟು ಸವೆದಿದೆಯೆಂದರೆ
ಈಗ ಎಲ್ಲರಿಗಿಂತ ದೊಡ್ಡ ಹೊಟ್ಟೆ ಅದರದೇ.

ಬನ್ನಿ, ಥರ್ಮಾಸಿನ ಮುಚ್ಚಳ ತೆಗೆಯಿರಿ.
ಏನು ತೊಂದರೆ?
ಹೊಟ್ಟೆ, ಅನ್ನುತ್ತಾರೆ ಎಲ್ಲರೂ. ಬರೀ ಹೊಟ್ಟೆ.
ಊರು ಕೇಳಿದರೆ ದೇಶದ ಹೆಸರು ಹೇಳಿದಂತೆ.

ರಾತ್ರಿ ಹಂದಿಮಾಂಸ ತಿಂದು ಹಾಗೇ ಉರುಳಿಕೊಂಡ ಹೊಟ್ಟೆಗೆ
ಬುರ್ರಿತೋ, ಒಂದು ಹಿಡಿ.
ಪುಟ್ಟ ಕತ್ತೆ ಎಂದು ಆ ಗಿಡದ ಹೆಸರು;
ಭಾರ ಹೊರುವುದರಲ್ಲಿ ಹೆಸರಿಗೆ ಮೋಸ ಮಾಡಿಲ್ಲ.
ಗಾಳಿ ತುಂಬಿ ಡೋಲಾಗಿದ್ದರೆ
ಸಣ್ಣೆಲೆಯ ಪುದೀನ, ಮಣ್ಣು ತೊಳೆದು, ಬೇರು ಸಮೇತ.
ಬಾಯೆಲ್ಲ ಕಹಿಯೆಂದು ಬಂದವರಿಗೆ
ಜಾಗ್ವಾರಿನ ಸೊಪ್ಪು, ಹೆಸರಿನಷ್ಟೇ ಉಗ್ರ.
ಕಹಿಗೆ ಅದಕ್ಕಿಂತ ಕಹಿಯನ್ನು ತೋರಿಸಬೇಕು,
ಆಮೇಲೆ ಅದು ತಾನಾಗಿ ತಲೆ ತಗ್ಗಿಸುತ್ತದೆ.

ಪಕ್ಕದ ಅಂಗಡಿಯ ಸೆಲ್ಸಾಳದು ಬೇರೆ ಹೊಟ್ಟೆ.
ನನ್ನ ಮುಂದೆ ನಾಲ್ಕು ಜನ ನಿಂತರೆ
ಅಲ್ಲಿ ಉರಿಯತೊಡಗುತ್ತದೆ.
ಅದಕ್ಕೆ ಸೊಪ್ಪಿಲ್ಲ. ಇದ್ದಿದ್ದರೆ
ಅವಳ ಮುಂದೆ ಐದು ಜನ ನಿಂತ ದಿನ
ಮೊದಲ ಲೋಟ ನಾನೇ ಕುಡಿಯುತ್ತಿದ್ದೆ.

ಬಸ್ ಓಡಿಸುವ ಎರಿಬೆರ್ತೋ ಮೂರು ವಾರ ಬಂದ.
ಅದೇ ಜಾಗ, ಅದೇ ನೋವು, ಪ್ಯಾಂಟು ಮಾತ್ರ ಸಡಿಲ.
ನಾಲ್ಕನೇ ವಾರ ಕುಟ್ಟಲಿಲ್ಲ.
ಇದು ಎಲೆಯ ಕೆಲಸವಲ್ಲಪ್ಪ, ಆಸ್ಪತ್ರೆಗೆ ಹೋಗು, ಅಂದೆ.
ಸಿಟ್ಟು ಬಂತು ಅವನಿಗೆ. ಸೆಲ್ಸಾಳ ಹತ್ತಿರ ಹೋದ.
ಸೆಲ್ಸಾ ಕುಟ್ಟಿಕೊಟ್ಟಳು.
ಈಗ ಆ ಬಸ್ಸನ್ನು
ಮೀಸೆ ಚಿಗುರದ ಹುಡುಗನೊಬ್ಬ ಓಡಿಸುತ್ತಾನೆ.
ನಾವಿಬ್ಬರೂ ಅದು ಹಾದುಹೋಗುವಾಗ
ಸೊಪ್ಪಿಗೆ ನೀರು ಚಿಮುಕಿಸುತ್ತೇವೆ.

ಇವತ್ತು ಸುನಿಲ್ದಾ ಬಂದಳು.
ತಲೆಯ ಮೇಲೆ ಬುಟ್ಟಿ, ಬಿಳಿ ಬಟ್ಟೆಯ ಕೆಳಗೆ ಬಿಸಿ ಚೀಪಾ,
ಗಿಣ್ಣು, ಸೋಂಪು, ಮರಗೆಣಸಿನ ಹಿಟ್ಟಿನ ಹೊಗೆ.
ಬೆಳಿಗ್ಗೆ ಏನೂ ನಿಲ್ಲುತ್ತಿಲ್ಲ, ನ್ಯಾ ದೆಯೊಲಿಂದಾ,
ಬೋಲ್ಡೋ ಜಜ್ಜಿಕೊಡಿ, ಗಟ್ಟಿಯಾಗಿ.
ಎಲೆ ಒರಳಿಗೆ ಬಿತ್ತು. ಒನಕೆ ಎತ್ತಿದೆ.
ಆಗ ನೋಡಿದೆ: ಬುಟ್ಟಿಯನ್ನು
ತನ್ನಿಂದ ಎರಡು ಮಾರು ದೂರ ಇಟ್ಟಿದ್ದಳು,
ಯಾರದೋ ಬುಟ್ಟಿ ಎಂಬಂತೆ,
ಮುಖ ಗಾಳಿ ಬರುವ ಕಡೆಗೆ.

ಎಷ್ಟು ದಿನದಿಂದ?
ಮೂರು ವಾರ.
ಬೇಕರಿಯವರು ಗಿಣ್ಣು ಬದಲಿಸಿದ್ದಾರಾ?
ಇಲ್ಲ.
ಒನಕೆ ಕೆಳಗಿಟ್ಟೆ.
ಒರಳು ನಿಂತರೆ ಸಾಲೆಲ್ಲ ತಿರುಗಿ ನೋಡುತ್ತದೆ,
ಸೆಲ್ಸಾ ಕೂಡ.

ಬೋಲ್ಡೋ ಎಲೆಯನ್ನು ಒಂದೊಂದಾಗಿ ಹೆಕ್ಕಿ
ಒದ್ದೆ ಗೋಣಿಗೆ ವಾಪಸು ಹಾಕಿದೆ.
ಇವತ್ತು ಇಲ್ಲ, ಅಂದೆ.
ಇದೆಯಲ್ಲ, ಅಂದಳು.
ನಿನಗೆ ಇಲ್ಲ.
ಅವಳ ಕಣ್ಣು ಒಮ್ಮೆ
ಹಿಂದಿನ ಮೂಲೆಯ ಕಾಅರೆ ಕಟ್ಟಿನ ಮೇಲೆ ಹೋಗಿ ಬಂತು.
ನಾನದನ್ನು ಕಂಡೆ. ನಾನು ಕಂಡದ್ದನ್ನು ಅವಳೂ ಕಂಡಳು.
ಕೇಳಲಿಲ್ಲ. ಕೇಳಿದ್ದರೆ
ಏನು ಹೇಳುತ್ತಿದ್ದೆನೋ, ನಿಮ್ಮಾಣೆ, ಗೊತ್ತಿಲ್ಲ.
ಕೆಲವು ಮಾತು ಕುಟ್ಟಿದರೂ ರಸ ಬಿಡುವುದಿಲ್ಲ.

ಒಂದು ಚೂರು ಶುಂಠಿ ತುಂಡರಿಸಿ ಬಿಸಿನೀರಿಗೆ ಹಾಕಿ
ಹೆಲ್ತ್ ಸೆಂಟರ್ ಎಂಟಕ್ಕೆ ತೆರೆಯುತ್ತದೆ, ಅಂದೆ.
ಅಲ್ಲಿಯ ತನಕ ಇದು. ಗುಟುಕು ಗುಟುಕಾಗಿ.
ದುಡ್ಡು ಬೇಡ.
ಕುಡಿದಳು. ನಿಂತಿತೋ ಇಲ್ಲವೋ.
ಬುಟ್ಟಿ ಎತ್ತಲು ಬಗ್ಗಿದಾಗ
ತಡಿ, ಎಂದು ನಾಲ್ಕು ಚೀಪಾ ಕೊಂಡೆ,
ಅಷ್ಟಾದರೂ ಹಗುರಾಗಲಿ ಎಂದು.

ಅಷ್ಟು ಹೊತ್ತಿಗೇ ಯಾರು ತಿನ್ನುತ್ತಾರೆ ನಾಲ್ಕು ಚೀಪಾ?
ನಾನೇ ತಿಂದೆ, ಒಂದಾದ ಮೇಲೆ ಒಂದು,
ಅವಳು ಎಂಟಕ್ಕೆ ಯಾವ ಕಡೆ ತಿರುಗಿದಳೋ ಎಂದುಕೊಳ್ಳುತ್ತಾ.
ಈಗ ಇಲ್ಲಿ, ಎದೆಯ ಕೆಳಗೆ, ಕಲ್ಲು ಇಟ್ಟಂತಿದೆ.

ಸ್ವಲ್ಪ ನಿಲ್ಲಿ, ಸ್ವಾಮಿ.
ಈ ಹಿಡಿ ಬುರ್ರಿತೋ ನನಗೆ.
ಆಮೇಲೆ ನಿಮ್ಮದು.
ಏನು, ಹೊಟ್ಟೆಯಾ?